ಪಕ್ಕದ ಗುಂಡಿ

ಅಬುಧಾಬಿಯ ಕಡಲಂಚಿನ ಮರಳುಗಾಡಿನಲ್ಲಿ ಶಿಲಾಯುಗದ ಜನರ ನೆಲೆಯನ್ನು ಅಗೆಯುತ್ತಿದ್ದ ತಂಡದಲ್ಲಿ ರೆಜಿನಾ ಎಲ್ಲರಿಗಿಂತ ಹಳಬಳು. ಪ್ರತಿ ಚಳಿಗಾಲವೂ ಅಗೆದರೂ ಅವಳ ಗುಂಡಿಯಲ್ಲಿ ಸಿಕ್ಕಿದ್ದು ಒಲೆಯ ಬೂದಿ, ಮೀನಿನ ಮುಳ್ಳು, ಕಲ್ಲಿನ ಚಕ್ಕೆ. ಈ ಸಲ ಉಡುಪಿಯಿಂದ ಹೊಸದಾಗಿ ಬಂದ ಯಶ್ಮಿತಾಳಿಗೆ ಪಕ್ಕದ ಜಾಗ ಕೊಟ್ಟರು. ಬಂದ ವಾರದಲ್ಲೇ ಅವಳಿಗೆ ಸಮಾಧಿಯೊಂದು ಸಿಕ್ಕಿತು. ಮಗ್ಗುಲಾಗಿ ಮಲಗಿದ ಹೆಂಗಸು, ಕೊರಳಲ್ಲಿ ಚಿಪ್ಪಿನ ಮಣಿಸರ.

"ರೆಜಿನಾಕ್ಕ, ಬನ್ನಿ ಬನ್ನಿ! ಇಲ್ಲಿ ಎಂತದೋ ಉಂಟು!"

ರೆಜಿನಾ ಬಗ್ಗಿ ನೋಡಿದಳು. "ಒಳ್ಳೆದಾಯ್ತು ಮಾರಾಯ್ತಿ," ಎಂದಳು. ತಿರುಗಿ ತನ್ನ ಗುಂಡಿಗಿಳಿದು ಬೂದಿಯನ್ನೇ ಕೆದಕತೊಡಗಿದಳು.

ಸಂಜೆ ಟೂರಿಸ್ಟ್ ಕ್ಲಬ್ ಏರಿಯಾದ ಫ್ಲ್ಯಾಟಿನಲ್ಲಿ ಗಂಡ ಫಿಡೆಲಿಸ್ ಎದುರು ಹೊಟ್ಟೆಕಿಚ್ಚು ಹೊರಗೆ ಬಂತು. "ಆ ಜಾಗ ನಾನು ಕೇಳಿದ್ದೆ. ಡೈರೆಕ್ಟರ್ ಹಸ್ನಾ ಮೇಡಂ ಬೇಡ ಅಂದ್ರು. ಈಗ ಎಲ್ಲರ ಬಾಯಲ್ಲೂ ಅವಳದ್ದೇ ಹೆಸರು."

"ಸಿಕ್ಕಿದ್ದು ತಂಡಕ್ಕಲ್ವಾ?"

"ನಿಮಗೆ ಅರ್ಥ ಆಗುದಿಲ್ಲ ಬಿಡಿ."

ಅಸ್ಥಿಪಂಜರವನ್ನು ಮಣ್ಣಿನ ಸಮೇತ ಎತ್ತಿ ಪ್ರಯೋಗಾಲಯಕ್ಕೆ ತಂದರು. ಕೈ ನಡುಗದವಳೆಂದು ಅದನ್ನು ಬಿಡಿಸುವ ಕೆಲಸ ರೆಜಿನಾಳ ಪಾಲಿಗೆ ಬಂತು. ಬೇರೆಯವಳ ಗೆಲುವನ್ನು ಒರೆಸಿ ಹೊಳೆಯಿಸುವ ಕೆಲಸ! ಹಲ್ಲು ಕಚ್ಚಿ ಕುಂಚ ಆಡಿಸುತ್ತಿದ್ದಾಗ, ಹೆಂಗಸಿನ ಮೊಣಕೈಯ ಒಳಬದಿಯಲ್ಲಿ ಕಡ್ಡಿಯಷ್ಟು ತೆಳ್ಳಗಿನ ಪಕ್ಕೆಲುಬುಗಳು ಕಂಡವು. ಎದೆಗೊತ್ತಿ ಹಿಡಿದ ಎಳೆಯ ಕೂಸು.

ಒಂದು ಕ್ಷಣ ಅವಳಿಗೆ ಅಸೂಯೆ ಮರೆತುಹೋಯಿತು. ಮರುಕ್ಷಣವೇ ನೆನಪಾಯಿತು.

ಯಶ್ಮಿತಾ ಪಕ್ಕದ ಕೋಣೆಯಲ್ಲೇ ಇದ್ದಳು. ಕರೆಯುವುದು ಪದ್ಧತಿ, ಸಮಾಧಿ ಅವಳದು. ರೆಜಿನಾ ಕರೆಯಲಿಲ್ಲ. ನೇರವಾಗಿ ಹಸ್ನಾಳ ಕೋಣೆಗೆ ಹೋಗಿ, "ಮಗು ಇದೆ ಮೇಡಂ. ನಾನು ಕಂಡುಹಿಡಿದೆ," ಎಂದಳು.

ಮರುದಿನ ಪತ್ರಿಕೆಯವರು ಬಂದಾಗ ಮಾತಾಡಿದ್ದು ರೆಜಿನಾ. ಯಶ್ಮಿತಾಳ ಹೆಸರನ್ನು ಅವಳು ಎತ್ತಲೇ ಇಲ್ಲ. ಹಸ್ನಾ ಅದನ್ನು ಗಮನಿಸಿದಳು.

ಎಲ್ಲ ಮುಗಿದ ಮೇಲೆ ಯಶ್ಮಿತಾ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಕಣ್ಣು ತುಂಬಿತ್ತು.

"ಅಕ್ಕ, ನನ್ನ ಕೈಯಲ್ಲಾಗಿದ್ರೆ ಆ ಎಲುಬೆಲ್ಲ ಪುಡಿ ಆಗ್ತಿತ್ತು. ನಿಮ್ಮ ಹತ್ರ ಕೊಟ್ಟದ್ದೇ ಒಳ್ಳೆದಾಯ್ತು."

ರೆಜಿನಾ ಆ ಮುಖದಲ್ಲಿ ಚೂರಾದರೂ ಸಿಟ್ಟು, ಚೂರಾದರೂ ಹೊಟ್ಟೆಕಿಚ್ಚು ಇದೆಯೇ ಎಂದು ಹುಡುಕಿದಳು. ಎಷ್ಟು ಕೆದಕಿದರೂ ಸಿಗಲಿಲ್ಲ. ಸಮಾಧಿ ಸಿಕ್ಕಿದ್ದನ್ನಾದರೂ ಕ್ಷಮಿಸಬಹುದಿತ್ತು. ಇದನ್ನು ಮಾತ್ರ ಅವಳಿಗೆ ಕ್ಷಮಿಸಲಾಗಲಿಲ್ಲ.