ಗೋಡೆಯ ಬಾಯಿ

ತಂಪು, ಅಬಾಬಾ ಏನು ತಂಪು, ಹೊರಗೆ ಆಡಕಿ ಊರಿನ ಬಿಸಿಲು ನೆತ್ತಿ ಒಡೆಯುತ್ತಿದೆ, ಒಳಗೆ ಈ ಶಹಾಬಾದಿ ಪರಸಿಕಲ್ಲು ನೀರಿನ ಗಡಿಗೆ ಮುಟ್ಟಿದಂತೆ ಅಂಗಾಲಿಗೆ ತಾಗುತ್ತಿದೆ — ಅಂದರೆ ಚಪ್ಪಲಿ ಬಾಗಿಲಲ್ಲೇ ಉಳಿಯಿತೇನು, ಬಿಡು ಅಂತ ಯಾರೂ ಹೇಳಲಿಲ್ಲವಲ್ಲ, ಕಾಲು ತಾನೇ ಬಿಟ್ಟು ಬಂದಿದೆ, ಸುಡು ಇದರ ರೂಢಿಯನ್ನು, ಅಂತ ಭೀಮಶ್ಯಾ ತನ್ನ ಕಾಲನ್ನೇ ಬೈದುಕೊಂಡ. ಹುಟ್ಟಿ ಮೂವತ್ತೊಂದು ವರ್ಷಕ್ಕೆ ಇವತ್ತೇ ಮೊದಲು ಶಿವರಾಯಗೌಡರ ಕೊಟ್ಟಿಗೆಯ ಹೊಸ್ತಿಲು ದಾಟಿದ್ದಾನೆ, ಕಟ್ಟಿದವನು ನೋಡಿದರೆ ಅವನಪ್ಪ ನಾಮದೇವನೇ, ಪಾಯದಿಂದ ಮಾಳಿಗೆಯವರೆಗೆ ಒಂದೊಂದು ಕಲ್ಲೂ ಅವನ ಕೈಯದು, ಆದರೆ ಎತ್ತು ಕಟ್ಟಿ ಪೂಜೆ ಮಾಡಿದ ದಿನ ಹೊರಗೆ ಬಂದ ಅಪ್ಪ ಮತ್ತೆ ಒಳಗೆ ಹೋಗಲಿಲ್ಲ, ಎತ್ತಿಗೆ ಬಾಗಿಲು, ಮೇಸ್ತ್ರಿಗೆ ಗೋಡೆ. ಇರಲಿ, ಕಣ್ಣು ಕತ್ತಲೆಗೆ ಹೊಂದಲಿ, ಎಲ್ಲಾ ನೋಡಬೇಕು. ಇದು ಗೋದಲಿ, ಎತ್ತು ಕುತ್ತಿಗೆ ತಿಕ್ಕಿ ತಿಕ್ಕಿ ಅಂಚು ನುಣುಪಾಗಿದೆ, ಅದರ ತುಂಬ ಬಿಳೀ ಪುಡಿ, ಸೊಸೈಟಿಯವರು ಗೊಬ್ಬರದ ಚೀಲ ಒಟ್ಟಿದ್ದ ಕಾಲದ್ದು, ಆಗ ಅವನು ಶಹಾಬಾದದ ಖಣಿಯಲ್ಲಿದ್ದ. ಇದು ನೊಗ ತೂಗುಹಾಕುವ ಗೂಟ, ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಇಲ್ಲಿ ಶಾಲೆ ನಡೆದಾಗ ಇದಕ್ಕೇ ಹೊಸ ನಕಾಶೆ ಹಾಕಿದ್ದರಂತೆ, ಅವನಿಗೆ ಕಂಡಿದ್ದೇ ಇಲ್ಲ, ಅವರ ಓಣಿಯವರೆಲ್ಲ ಹೊರಗಿನ ಕಟ್ಟೆಯ ಮೇಲೆ, ಕಿವಿ ಒಳಗೆ ಕುಂಡಿ ಹೊರಗೆ, ಮೈಸೂರು ಎಲ್ಲಿದೆ ಅಂದರೆ ಗೌಡರ ಗೋಡೆಯ ಆಚೆ ಅಂತ ಹೇಳಿ ಛಡಿ ತಿಂದ ಪುಣ್ಯಾತ್ಮ ಅವನು. ಈಗ ಕರ್ನಾಟಕ, ಈಗ ಹೆಣ್ಣುಮಕ್ಕಳ ಶಾಲೆಗೆ ಗೌಡರು ಕೊಟ್ಟಿಗೆ ಬಿಟ್ಟುಕೊಟ್ಟಿದ್ದಾರೆ, ಮಗಳು ದ್ರೌಪದಿ ಬರುವ ಸೋಮವಾರದಿಂದ ಇದೇ ಪರಸಿಯ ಮೇಲೆ ಕೂಡುವವಳು, ಒಳಗೇ, ಬೇಕಾದರೆ ಈ ಗೂಟದ ಕೆಳಗೇ. ಆದರೆ ಬೆಳಕಿಲ್ಲ, ಮೂಡಣ ಗೋಡೆಗೆ ಕಿಟಕಿ ಬೇಕು ಅಂತ ದೇವಿಂದ್ರಪ್ಪ ಮಾಸ್ತರರು ಸುಣ್ಣದಲ್ಲಿ ಚೌಕ ಗೀಚಿ ಹೋಗಿದ್ದಾರೆ, ಚೌಕದ ನಟ್ಟನಡುವೆ ನೀರು ಬಿಡುವ ಆ ಕಲ್ಲು. ಅದೊಂದು ಒಡೀಬ್ಯಾಡೋ ಭೀಮಶ್ಯಾ, ನಮ್ಮವ್ವನ ಪುಣ್ಯಾದ ಕಲ್ಲದು ಅಂತ ಗೌಡರು. ಕಿಟಕಿ ಸರಿಸಲು ಜಾಗವೆಲ್ಲಿ, ಈ ಕಡೆ ತೊಲೆಯ ಭಾರ, ಆ ಕಡೆ ಮೂಲೆ. ಇಬ್ಬರೂ ವಾದ ಮಾಡಿ ಸಾಕಾಗಿ, ನೀ ಮೇಸ್ತ್ರಿ, ನೀ ಹೇಳಿದಂಗ ಆಗಲಿ ಅಂತ ಇವನ ಕೊರಳಿಗೆ ಕಟ್ಟಿದ್ದಾರೆ.

ಆ ಕಲ್ಲು ಹೊರಗಿನಿಂದ ಅವನಿಗೆ ಚೆನ್ನಾಗಿ ಗೊತ್ತು, ಸೊಂಟದೆತ್ತರದಲ್ಲಿ ಗೋಡೆಯಿಂದ ಗೇಣುದ್ದ ಚಾಚಿದ ತುಟಿ, ತುಟಿಯಲ್ಲಿ ಮುಷ್ಟಿ ಹೋಗುವಷ್ಟು ತೂತು, ಸಣ್ಣವನಿದ್ದಾಗ ನೋಡಿದ್ದು ಈಗಲೂ ಕಣ್ಣ ಮುಂದಿದೆ, ರಾಶಿಯ ದಿನ ಜೋಳದ ಸುಂಕಿನ ಧೂಳು ಗಂಟಲಿಗೆ ಹತ್ತಿದಾಗ ಅಪ್ಪ ಅದರ ಕೆಳಗೆ ಬಗ್ಗಿ ಬೊಗಸೆ ಒಡ್ಡಿ ಎವ್ವಾ ನೀರು ಅನ್ನುತ್ತಾನೆ, ಗೋಡೆಯೊಳಗಿಂದ ಮೊದಲು ದನಿ ಬರುತ್ತದೆ, ಯಾರಪಾ ಅದು — ಗೌಡರ ತಾಯಿ ಅಮೃತಮ್ಮನ ದನಿ, ನಾನ್ರಿ ಎವ್ವಾ ನಾಮ್ಯಾ ಅಂದ ಮೇಲೆ ನೀರು, ಕಲ್ಲಿನ ವಾಸನೆಯ ನೀರು, ಅಷ್ಟು ಸಿಹಿ ನೀರು ಆಮೇಲೆ ವಾಡಿಯಲ್ಲೂ ಕುಡಿದಿಲ್ಲ, ಚಿತ್ತಾಪುರದಲ್ಲೂ ಕುಡಿದಿಲ್ಲ. ಅಪ್ಪಾ, ಗೋಡಿಗಿ ನೀರ ಎಲ್ಲಿಂದ ಬರ್ತದ? ಕಲ್ಲಿಗೂ ಬಾಯಿ ಇರ್ತದ ಮಗಾ, ಈ ಬಾಯಿ ನಾನೇ ಮಾಡೀನಿ, ಅಂತ ಅಪ್ಪ ಒದ್ದೆ ಮೀಸೆ ಒರೆಸಿಕೊಂಡು ನಗುತ್ತಿದ್ದ. ಹೇಗೆ ಮಾಡಿದ? ಇಪ್ಪತ್ತು ವರ್ಷದಿಂದ ಇದೊಂದೇ ತಲೆಯಲ್ಲಿ ಕೊರೆಯುತ್ತಿದೆ, ಖಣಿಯ ಉಸ್ತಾದ ಗುಲಾಮ ದಸ್ತಗೀರ ಕೇಳಿ ನಕ್ಕುಬಿಟ್ಟಿದ್ದ, ಪರಸಿ ಪದರು ಪದರು ಇರ್ತದ ಬೇಟಾ, ಉದ್ದಕ್ಕ ಕೊರದರ ಬಿಚ್ಕೋತದ, ಎರಡು ಮೊಳ ತೂತಾ, ಸುಳ್ಳಿಗೂ ಒಂದು ಅಳತಿ ಬ್ಯಾಡೇನು. ಈಗ ಮೊಣಕಾಲೂರಿ, ಬೆರಳಾಡಿಸಿ — ಅರೇ ಇವನ, ಕೊರೆದೇ ಇಲ್ಲ! ಎರಡು ಹಾಸುಗಲ್ಲು, ಒಂದೊಂದರಲ್ಲಿ ಅರ್ಧರ್ಧ ಕಾಲುವೆ ಕಡೆದು ಒಂದರ ಮೇಲೊಂದು ಮಗುಚಿಟ್ಟಿದ್ದಾನೆ, ಸಂದಿನಲ್ಲಿ ಉಗುರೂ ಹೋಗದು, ಹೊರಗಡೆಗೆ ಬೆರಳಷ್ಟು ಇಳಿಜಾರು, ಭಲೇ ಅಪ್ಪಾ, ನಿನ್ನ ಕೈಗೆ ಮುತ್ತು ಕೊಡಬೇಕು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು, ಬಂದ ಹಾಗೆಯೇ ಇನ್ನೊಂದು ಕಂಡಿತು, ಕಾಲುವೆಯ ಈಚೆ ತುದಿಗೆ ಬಟ್ಟಲು, ಬಟ್ಟಲ ಪಕ್ಕ ಗೂಡು, ಗೂಡಿನಲ್ಲಿ ಹಿತ್ತಾಳೆ ಚೊಂಬು ಕೂತು ಕೂತು ಬಿದ್ದ ಉಂಗುರದ ಕಲೆ. ಆ ಚೊಂಬಿಗೆ ಇವರ ಕೈ ತಾಗಬಾರದು, ಇವರ ನೆರಳೂ ತಾಗಬಾರದು, ಅದಕ್ಕೆ ಇಷ್ಟೊಂದು ಜಾಣತನ, ಅದೂ ಅಪ್ಪನ ಕೈಯಿಂದಲೇ, ನಿಂತು ಕುಡಿಯಲಾಗದಂತೆ ಸೊಂಟದೆತ್ತರಕ್ಕೆ. ಹೆಮ್ಮೆಯೂ ಆಯಿತು, ಸಿಟ್ಟೂ ಬಂತು, ಎರಡೂ ಕೂಡಿ ಬಂದರೆ ಮನುಷ್ಯ ಏನು ಮಾಡಬೇಕು? ಉಳಿಸಿದರೆ ಸೋಮವಾರ ದ್ರೌಪದಿ ಕೇಳುತ್ತಾಳೆ, ಅಪ್ಪಾ ಇದೇನು, ನಿಮ್ಮ ಮುತ್ತ್ಯಾ, ನಮ್ಮಪ್ಪ ಮಾಡಿದ್ದವ್ವಾ ಅನ್ನಬಹುದು, ಯಾಕ ಮಾಡಿದ ಅಂದರೆ? ಒಡೆದರೆ ಅಪ್ಪನ ಕೈಗೆಲಸದಲ್ಲಿ ಇಂಥದ್ದು ಲೋಕದಲ್ಲಿ ಇನ್ನೊಂದಿಲ್ಲ.

ಏ ಭೀಮಶ್ಯಾ, ಇನ್ನಾ ಹರೀತದೇನು ನೋಡೂಣು, ಒಂದೀಟು ನೀರ ಹಾಕು, ಹೊರಗಿನಿಂದ ಗೌಡರು. ಪಕ್ಕದಲ್ಲಿ ಗಾರೆಗೆ ತಂದ ಕೊಡವಿತ್ತು, ಎತ್ತಿ ಬಟ್ಟಲಿಗೆ ಸುರಿದ, ಗೋಡೆ ಗುಳುಗುಳು ಅಂತು, ಬಂತೋ ಬಂತು, ಅವ್ವನ ಕಾಲದಾಗ ಬಂದಂಗ ಬಂತು, ಇನ್ನಷ್ಟು ಹಾಕು, ಆಚೆಯಿಂದ ಗೌಡರು. ಇನ್ನಷ್ಟು ಸುರಿದು, ಹೇಗೆ ಹೋಗುತ್ತದೆ ನೋಡೋಣ ಅಂತ ಬಗ್ಗಿ ತೂತಿಗೆ ಕಣ್ಣಿಟ್ಟ, ಆಚೆ ತುದಿಯಲ್ಲಿ ಬಿಸಿಲಿನ ಬಿಲ್ಲೆ, ಬಿಲ್ಲೆಯ ತುಂಬ ಒಂದು ಬೊಗಸೆ, ಮುಖವಿಲ್ಲ, ರುಮಾಲಿಲ್ಲ, ಬರೀ ಒಡ್ಡಿದ ಬೊಗಸೆ. ಅಂದರೆ ಅಮೃತಮ್ಮನಿಗೆ ಅಷ್ಟೂ ವರ್ಷ ಕಂಡಿದ್ದು ಇಷ್ಟೇ, ಅಪ್ಪನ ಮೀಸೆ ಕಂಡಿಲ್ಲ, ನಗು ಕಂಡಿಲ್ಲ, ಅದಕ್ಕೇ ಪ್ರತೀ ಸಲ — ಯಾರಪಾ ಅದು, ಅಂದುಬಿಟ್ಟಿತು ಅವನ ಬಾಯಿ, ಅವನನ್ನು ಕೇಳದೆ. ನಾನೋ ಮಾರಾಯಾ, ಶಿವರಾಯ, ಅಂತ ಹೊರಗೆ ನಗು. ಸಾಕು ಈ ಬಾಯಿ, ಅಂತ ಕೊಡ ಕೆಳಗಿಟ್ಟ. ಉಳಿ ತೆಗೆದುಕೊಂಡು ಎರಡು ಹಾಸಿನ ನಡುವಿನ ಸಂದಿಗೆ ಹಚ್ಚಿದ, ಸುತ್ತಿಗೆ ಎತ್ತಿ, ಕೈ ತಗೀರಿ ಗೌಡ್ರೇ, ಅಂದ. ಕೇಳಿಸಲಿಲ್ಲವೋ ಏನೋ, ತೂತಿನ ಆಚೆ ಬೊಗಸೆ ಹಾಗೇ ಇತ್ತು. ಕೈ ತಗೀರಿ. ಬೊಗಸೆ, ಬಿಸಿಲು, ಬೆರಳ ಸಂದಿಯಿಂದ ಜಾರುವ ನೀರು, ಬೊಗಸೆ.