ಕೂತು ನೋಡುವ ಎತ್ತರ

ನೀ ಎದ್ದು ಕುಂತ ದಿನಾನ ಗ್ವಾಡಿಗಿ ಟೀವಿ ಹಾಕಸ್ತೇನಿ, ಅಲ್ಲೀತನಕ ಇಲ್ಲ, ಖರೇನ, ಎಂದು ಸಗೀರಾ ಮಗಳ ಅಂಗೈಯ ಮೇಲೆ ಅಂಗೈಯಿಟ್ಟು ಹೇಳಿದ್ದು ಯಾವ ಕಾಲಕ್ಕೋ, ಕೌಸರ ಆಗಿನ್ನೂ ದಿಂಬು ಕೊಟ್ಟರೆ ಒರಗುತ್ತಿದ್ದಳು, ಬಳೆ ತಾನೇ ಏರಿಸಿಕೊಳ್ಳುತ್ತಿದ್ದಳು — ಗರ್ರೆನ್ನುತ್ತಿದೆ ಡ್ರಿಲ್ಲು, ಇದು ಎರಡನೆಯ ಸಲ, ಗೋಡೆಯ ಕೆಂಪು ಪುಡಿ ಟೀವಿ ಕೂರಿಸಲು ಬಂದ ಗುರುನಾಥನ ಮೀಸೆಯ ಮೇಲೆ, ಹೊದಿಕೆಯ ಮೇಲೆ, ಕೌಸರಳ ರೆಪ್ಪೆಯ ಮೇಲೆ ಇಳಿಯುತ್ತಿದೆ, ಅವಳಿಗೆ ಒರೆಸಿಕೊಳ್ಳಲಾಗದು, ಸಗೀರಾ ಸೆರಗಿನ ತುದಿಯಿಂದ ಒರೆಸುತ್ತಾಳೆ, ಅಮ್ಮಿ, ನಿಂಬಿ ವಾಸನಿ, ಎಂದು ಮೂಗು ಸೊಟ್ಟ ಮಾಡುತ್ತಾಳೆ ಹುಡುಗಿ, ಇಂಡಿ ಊರಿನ ಸಗಟು ಮಂಡಿಯಲ್ಲಿ ಬೆಳಗಿನಿಂದ ನಿಂಬೆ ಆರಿಸಿದ ಕೈ, ಎಷ್ಟು ತೊಳೆದರೂ ಹೋಗದು, ಹಸಿರು ಒಂದು ಕಡೆ, ಹಳದಿ ಒಂದು ಕಡೆ, ಕೆಟ್ಟದ್ದು ಕಾಲಬುಡಕ್ಕೆ, ಯಾವುದು ಮೆತ್ತಗಾಗಿದೆ ಎಂದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ, ಮಗಳ ತೋಳು ಹಿಡಿದಾಗಲೂ ಹಾಗೇ ತಿಳಿದಿತ್ತು, ವಿಜಯಪುರದ ಡಾಕ್ಟರು ಹೇಳುವ ಮೊದಲೇ, ಇದು ಸ್ನಾಯುಗಳ ರೋಗ ತಾಯಿ, ಕಾಲಾತು, ಸೊಂಟಾತು, ಇನ್ನ ಕೈ, ಆಮ್ಯಾಲ ಉಸುರು, ಏನೂ ಬರೆಯದೆ ಪೆನ್ನು ಮುಚ್ಚಿದ್ದರು, ಆ ಟಿಕ್ಕೆಂಬ ಸದ್ದು.

ಕೈ ಆಯಿತು. ಮೊನ್ನೆ ಮಂಡಿಯಿಂದ ಬಂದಾಗ ಕೌಸರಳ ಮುಖದ ಮೇಲೆ ಮೊಬೈಲು ಬೋರಲು ಬಿದ್ದಿತ್ತು, ಕಾಯಲು ಕೂತಿದ್ದ ನೆರೆಮನೆಯ ಲಾಲಬಿ ಒಲೆ ನೋಡಿ ಬರಲು ಹೋಗಿದ್ದಳು, ತೆಗೆಯಲಾಗದೆ ಹುಡುಗಿ ಅದರ ಕೆಳಗೇ ಸುಮ್ಮನೆ ಮಲಗಿತ್ತು, ಒಳಗೆ ಯಾರೋ ಹಾಡುತ್ತಿದ್ದರು, ಕೂಗಬಾರದೇನವಾ, ಅಂದರೆ, ಹಾಡ ಛಲೋ ಇತ್ತಮ್ಮಿ, ಅಂದಳು — ಅದಕ್ಕೇ ಗುರುನಾಥನನ್ನು ಕರೆಸಿದ್ದು, ಒಂದು ಕಾಲಕ್ಕೆ ಇದೇ ಓಣಿಯಲ್ಲಿ ಕೇಬಲ್ ಎಳೆಯುತ್ತಿದ್ದವನು, ಈಗ ವೈರು ಇಲ್ಲ, ಡಬ್ಬಿ ಇಲ್ಲ, ಎಲ್ಲಾ ಗಾಳಿಯಾಗ ಬರ್ತೈತ್ರಿ ಅಕ್ಕಾರ, ನನ್ನ ಹೊಟ್ಟಿ ಮ್ಯಾಲ ಕಲ್ಲ ಹಾಕಿ, ಎಂದು ತಾನೇ ನಗುತ್ತಾನೆ, ಪಶ್ಚಿಮದ ಗ್ವಾಡಿ ಬ್ಯಾಡಪಾ, ಅದು ನಮಾಜಿನ ದಿಕ್ಕು, ಎಂದು ಸಗೀರಾ ಅಂದಿದ್ದಕ್ಕೆ ಮಂಚ ತಿರುಗಿಸಿಕೊಟ್ಟ, ಕಿವಿಯ ಮೇಲಿನ ಪೆನ್ಸಿಲ್ಲು ಇಳಿಸಿ ಕೇಳಿದ, ಕುಂತ ನೋಡವ್ರಿಗೋ, ಮಲಗಿ ನೋಡವ್ರಿಗೋ, ಅದರ ಮ್ಯಾಲ ಎತ್ತರ.

ಕುಂತ ನೋಡವ್ರಿಗೆ, ಎಂದುಬಿಟ್ಟಳು ಸಗೀರಾ, ಮಂಚದ ಕಡೆ ನೋಡದೆ. ಅವನು ನೋಡಿದ, ತನ್ನ ಎದೆಯ ಮಟ್ಟಕ್ಕೆ ನಾಲ್ಕು ತೂತು ಕೊರೆದ, ಟೀವಿ ತೂಗುಹಾಕಿದ, ಕಾಣಸ್ತೈತೇನ ತಂಗೀ, ಕಾಕಾ, ನನ್ನ ಕಾಲಿನ ಬೆರಳಷ್ಟ ಕಾಣಾಕತ್ತಾವ, ಅವೇನ ಕುಣೀತಾವೇನು, ಅಂದಳು ಕೌಸರ, ತಡಿ, ದಿಂಬು ಏರಸ್ತೇನಿ, ಒಂದರ ಮೇಲೊಂದು ದಿಂಬು, ಕುತ್ತಿಗೆ ಒಂದು ಬದಿಗೆ ವಾಲುತ್ತದೆ, ಸಗೀರಾ ನೆಟ್ಟಗೆ ಮಾಡುತ್ತಾಳೆ, ಮತ್ತೆ ವಾಲುತ್ತದೆ, ಅಮ್ಮಿ, ಉಸುರ ಕಟ್ಟತೈತಿ, ಇಳಸು, ಟೀವಿ ಮ್ಯಾಲ ಹಾಕಸು, ಛತ್ತಿನ ಹತ್ತರ, ನಾ ಹೆಂಗೂ ನೋಡೂದು ಅಲ್ಲೇನ, ಅಂದಳು ಹುಡುಗಿ, ನೀ ಎದ್ದ ಮ್ಯಾಲ ಕೆಳಗ ಇಳಸೂಣು ಹಂಗಾರ, ಅಂದಳು ಸಗೀರಾ, ಹೂಂ ಅಮ್ಮಿ, ಅಂದಳು ಕೌಸರ, ಸಣ್ಣ ಕೂಸಿಗೆ ಹೂಂ ಅನ್ನುವ ಹಾಗೆ, ಯಾರು ಯಾರಿಗೆ ಸುಳ್ಳು ಹೇಳುತ್ತಿದ್ದಾರೆ, ಯಾರು ಯಾರನ್ನು ಸಮಾಧಾನ ಮಾಡುತ್ತಿದ್ದಾರೆ, ಗೊತ್ತಿದೆ ಹುಡುಗಿಗೆ, ಯಾವಾಗಿನಿಂದ ಗೊತ್ತಿದೆ.

ಎರಡನೆಯ ಸಲದ ಡ್ರಿಲ್ಲೂ ನಿಂತಿತು. ಛಾವಣಿಯ ಕೆಳಗೆ ಟೀವಿ ಮುಂದಕ್ಕೆ ಬಾಗಿ ಮಂಚದೊಳಗೆ ಇಣುಕುತ್ತದೆ, ವೈಫೈ ಆಯಿತು, ಕೋಡು ಆಯಿತು, ಗುರುನಾಥ ರಿಮೋಟಿನ ಗುಂಡಿ ಒತ್ತಿ ಅವಳ ತುಟಿಯ ಹತ್ತಿರ ಹಿಡಿಯುತ್ತಾನೆ, ಏನರ ಹೇಳವಾ, ಹಾಡ ಹಚ್ಚು, ಅಂದಳು ಕೌಸರ, ಹಚ್ಚು ಅನ್ನುವುದನ್ನಷ್ಟೇ ಹಿಡಿದ ಟೀವಿ, ಮುಖಕ್ಕೆ ಅರಿಶಿಣ ಹಚ್ಚುವ ಹೆಂಗಸರನ್ನು ತೋರಿಸಿತು, ನಮ್ಮ ಮಾತ ಇದಕ್ಕ ತಿಳಿಯೂದಿಲ್ಲ ತಂಗೀ, ಅಂದ ಗುರುನಾಥ, ಹುಡುಗಿ ನಕ್ಕಳು, ಎಷ್ಟು ದಿನಕ್ಕೆ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮಲು ಉಸಿರು ಸಾಲಲಿಲ್ಲ, ಸಗೀರಾ ಎದೆ ನೀವುತ್ತಾಳೆ, ಬೆರಳಿಗೆ ತಿಳಿಯುತ್ತದೆ, ಬೆರಳಿಗೆ ಎಲ್ಲ ತಿಳಿಯುತ್ತದೆ, ಹಾಳಾದ ಬೆರಳು — ಅಕ್ಕಾರ, ಕೆಳಗಿನ ಈ ತೂತಿಗೆ ಪುಟ್ಟಿ ಮೆತ್ತಲೇನ್ರಿ, ಚಂದ ಕಾಣೂದಿಲ್ಲ, ಬ್ಯಾಡ, ಇರ್ಲಿ, ಮತ್ತ ಬೇಕಾಗ್ತಾವ, ಅನ್ನಬೇಕೆಂದು ಸಗೀರಾ ಬಾಯಿ ತೆರೆದಳು, ಬ್ಯಾಡ ಇರ್ಲಿ ಅನ್ನುವುದಷ್ಟೇ ಬಂತು, ಮೇಲೆ ಯಾರೋ ಹಾಡುತ್ತಿದ್ದಾರೆ, ಕೌಸರಳ ಕಣ್ಣಲ್ಲಿ ಬಣ್ಣ ಓಡಾಡುತ್ತಿದೆ, ಕೆಳಗೆ ಬರಿಗೋಡೆ, ಕೂತವರ ಕಣ್ಣಿನ ಮಟ್ಟಕ್ಕೆ ನಾಲ್ಕು ತೂತು, ನಾಲ್ಕರ ಬಾಯಲ್ಲೂ ಕೆಂಪು ಪುಡಿ, ನಾಲ್ಕು ತೂತು. ಕೌಸರ ಎದ್ದು ಕೂತಿಲ್ಲ, ಟೀವಿ ಬಂದಿದೆ, ಸಗೀರಾ ಮಾತು ಮುರಿದಿದ್ದಾಳೆ.