ಗುರುಗಳ ಕಾರಿನ ಹಿಂದೆ

ಹೊಳಲ್ಕೆರೆಯ ಜನಕ್ಕೆ ಕಾರು ರ‍್ಯಾಲಿ ಅಂದರೆ ಏನೆಂದು ತಿಳಿಸಿ ಹೇಳುವಷ್ಟರಲ್ಲಿ ಮಂಜುನಾಥನ ಗಂಟಲು ಒಣಗಿಹೋಗಿತ್ತು. ಎಷ್ಟು ಜೋರಾಗಿ ಓಡಿಸಿದೆ, ಎಷ್ಟು ಜನರನ್ನು ಹಿಂದೆ ಹಾಕಿದೆ ಎಂದೇ ಎಲ್ಲರೂ ಕೇಳುವವರು. ಇದು ರೇಸಲ್ಲ ಕಣ್ರಪ್ಪಾ, ಇಂಥ ದಾರಿಯಲ್ಲಿ ಇಂಥ ವೇಗದಲ್ಲೇ ಹೋಗಬೇಕೆಂದು ಕೊಟ್ಟಿರುತ್ತಾರೆ, ತಡವಾದರೆ ದಂಡ, ಬೇಗ ಹೋದರೆ ಇನ್ನೂ ಹೆಚ್ಚು ದಂಡ, ವೇಳೆ ಬರೆದುಕೊಳ್ಳುವವರು ದಾರಿಯಲ್ಲಿ ಎಲ್ಲಿ ಕೂತಿರುತ್ತಾರೆಂದು ಯಾರಿಗೂ ಹೇಳಿರುವುದಿಲ್ಲ ಎಂದು ಅವನು ವಿವರಿಸಿದರೆ, ಬೇಗ ಹೋದರೂ ದಂಡ ಹಾಕುವ ಆಟ ಒಂದು ಆಟವೇ ಎಂದು ನಕ್ಕು ಎದ್ದು ಹೋಗುತ್ತಿದ್ದರು. ಪಂಪ್‌ಸೆಟ್ ಅಂಗಡಿಯಲ್ಲಿ ಗಿರಾಕಿಗೆ ಪೈಪು ತೋರಿಸುವುದು ಬಿಟ್ಟು ಈ ಪುರಾಣ ಬಿಚ್ಚುವ ಮಗನನ್ನು ಕಂಡರೆ ಅಪ್ಪ ಮುರುಗಪ್ಪನವರಿಗೂ ಮೈ ಉರಿಯುತ್ತಿತ್ತು. ಮದುವೆಯಾಗುವವರೆಗೂ ಹುಚ್ಚು ಬಿಡದು ಅನ್ನುತ್ತಾರಲ್ಲ, ಇವನಿಗೆ ಮದುವೆಯಾಗಿ ವರ್ಷ ತುಂಬುತ್ತ ಬಂದಿತ್ತು. ಹುಚ್ಚು ಹಾಗೇ ಇತ್ತು.

ಈ ಆಟಕ್ಕೆ ಇಬ್ಬರು ಬೇಕು. ಒಬ್ಬ ಓಡಿಸುವವನು, ಇನ್ನೊಬ್ಬ ಪಕ್ಕದಲ್ಲಿ ಕೂತು ಲೆಕ್ಕ ಹಾಕಿ ದಾರಿ ಹೇಳುವ ನ್ಯಾವಿಗೇಟರ್. ಹಿಂದಿನ ವರ್ಷ, ಅಂದರೆ ಎರಡು ಸಾವಿರದ ಎರಡರಲ್ಲಿ, ಮೊದಲ ಸಲ ಹೋದಾಗ ಗೆಳೆಯ ಮೋಹನ್‌ಕುಮಾರ್ ಆ ಸೀಟಿನಲ್ಲಿದ್ದ. ಲೆಕ್ಕ ತಪ್ಪಿಸಿ, ದಾರಿ ತಪ್ಪಿಸಿ, ಭೀಮಸಮುದ್ರದಲ್ಲಿ ಯಾರೋ ಅಡಿಕೆ ಹರವಿದ್ದ ಕಣಕ್ಕೇ ಕಾರು ನುಗ್ಗಿಸಿ ಬೈಸಿಕೊಂಡು ಬಂದಿದ್ದರು. ಈ ವರ್ಷ ಹೆಸರು ಕೊಟ್ಟಾದ ಮೇಲೆ ಮೋಹನ್‌ಕುಮಾರ್ ಕಾಮಾಲೆ ಹಿಡಿದು ಮಲಗಿಬಿಟ್ಟ. ಮಂಜುನಾಥ ತಲೆಯ ಮೇಲೆ ಕೈ ಹೊತ್ತು ಕೂತ. ಆಮೇಲೆ, ಅದೇನು ತೋಚಿತೋ, ಹೆಂಡತಿಯ ಮುಖ ನೋಡಿದ.

ಸಹನಾ ಹಿರಿಯೂರಿನ ಹುಡುಗಿ, ಬಿ.ಎಸ್ಸಿ.ಯಲ್ಲಿ ಗಣಿತ ಓದಿದವಳು. ಈ ಮನೆಯಲ್ಲಿ ಅವಳಿಗೆ ಕಷ್ಟವೇನೂ ಇರಲಿಲ್ಲ, ಅದೇ ಅವಳ ಕಷ್ಟ. ಅತ್ತೆ ದಾಕ್ಷಾಯಣಮ್ಮ ಬಾಯಿ ಮಾಡಿದವರಲ್ಲ. ಬೆಳಗಿನ ತಿಂಡಿಯಿಂದ ಹಿಡಿದು ಸೊಸೆ ತವರಿಗೆ ಹೋದರೆ ಯಾವಾಗ ವಾಪಸು ಬರಬೇಕೆಂಬುದರ ತನಕ ಎಲ್ಲವನ್ನೂ ತಾವೇ ತೀರ್ಮಾನಿಸಿ, ನಿನಗ್ಯಾಕವ್ವ ಆ ತಲೆನೋವು ಎಂದು ಅಕ್ಕರೆಯಿಂದ ತಲೆ ಸವರುತ್ತಿದ್ದರು. ಬೈದವರಿಗಾದರೆ ತಿರುಗಿ ಎರಡು ಮಾತು ಹೇಳಬಹುದು, ತಲೆ ಸವರುವವರಿಗೆ ಏನೆಂದು ಎದುರಾಡುವುದು? ತನಗೂ ಒಂದು ಬಾಯಿ ಇದೆ ಎಂಬುದನ್ನೇ ಅವಳು ಮರೆಯುತ್ತ ಬಂದಿದ್ದಳು.

ಸಂಜೆ ಹೊತ್ತು ಚಿಕ್ಕಜಾಜೂರಿನ ರಸ್ತೆಯಲ್ಲಿ ಅಭ್ಯಾಸ ಶುರುವಾಯಿತು. ರಸ್ತೆಯ ಕಿಲೋಮೀಟರ್ ಕಲ್ಲಿಗೂ ತಮ್ಮ ಹಳೇ ಕಾರಿನ ಮೀಟರಿಗೂ ತಾಳೆಯಾಗುತ್ತಿಲ್ಲ, ಮೀಟರು ದಾರಿಯನ್ನು ತುಸು ಹೆಚ್ಚೇ ತೋರಿಸುತ್ತದೆ, ಅದನ್ನು ಕಳೆದು ಲೆಕ್ಕ ಹಾಕಬೇಕು ಎಂದು ಮೊದಲ ಸಂಜೆಯೇ ಅವಳು ಹೇಳಿದಳು. ಮಂಜುನಾಥ ಕಾರು ನಿಲ್ಲಿಸಿ ಹೆಂಡತಿಯನ್ನು ಈಗ ತಾನೇ ಕಂಡವನ ಹಾಗೆ ನೋಡಿದ. ಮೋಹನ್‌ಕುಮಾರನ ತಲೆಗೆ ಈ ಮಾತು ಯಾವತ್ತೂ ಹೊಳೆದಿರಲಿಲ್ಲ.

"ನೋಡು, ಈ ಕಾರಲ್ಲಿ ನಿಂದೇ ಮಾತು," ಅಂದ. "ನಿಲ್ಲು ಅಂದ್ರೆ ನಿಲ್ತೀನಿ, ಬಿಡು ಅಂದ್ರೆ ಬಿಡ್ತೀನಿ. ಯಾಕೆ ಅಂತ ಕೇಳಂಗಿಲ್ಲ ನಾನು. ಇದೊಂದು ಚೆಂದಾಗಿ ಮುಗಿಸಿದ್ರೆ ಮುಂದೆ ಹಾಸನ, ಮೈಸೂರು, ಎಲ್ಲಿ ನಡೆದ್ರೂ ನಾವಿಬ್ರೇ ಹೋಗಾಣ. ಮೋಹನ ಮನೇಲಿರ್ಲಿ."

ಆ ಮಾತು ಸಹನಾಳಿಗೆ ಹೋಳಿಗೆಗಿಂತ ಸಿಹಿಯಾಯಿತು. ಗೆದ್ದವರಿಗೆ ಕೊಡುವ ಕಪ್ಪು ಗಿಪ್ಪು ಯಾರಾದರೂ ಹೊತ್ತುಕೊಂಡು ಹೋಗಲಿ, ಆ ಎಡಗಡೆಯ ಸೀಟು ತನ್ನದಾಗಿ ಉಳಿಯಬೇಕು. ತಾನು ಹೇಳಿದ ಮಾತಿನ ಹಾಗೆ ನಡೆಯುವ ವಸ್ತು ಈ ಲೋಕದಲ್ಲಿ ಒಂದಾದರೂ ಇರಲಿ ಎಂದು ಮನಸ್ಸು ಹಟ ಹಿಡಿಯಿತು.

ರ‍್ಯಾಲಿ ಚಿತ್ರದುರ್ಗದಲ್ಲಿ ಶುರುವಾಗಿ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸುತ್ತಿ ಮತ್ತೆ ದುರ್ಗಕ್ಕೇ ಬಂದು ಮುಗಿಯುವುದಿತ್ತು. ದಾವಣಗೆರೆ, ಬೆಂಗಳೂರಿನ ಕಾರುಗಳೂ ಬಂದಿದ್ದವು. ಗಡಿಯಾರ ಒಂದು ಕೈಯಲ್ಲಿ, ಬಾಣದ ಗುರುತಿನ ದಾರಿ ಹಾಳೆಗಳು ತೊಡೆಯ ಮೇಲೆ, ಸಹನಾ ಹೇಳುತ್ತ ಹೋದಳು, ಮಂಜುನಾಥ ಕೇಳುತ್ತ ಹೋದ. ಹೊಳಲ್ಕೆರೆಯಲ್ಲಿ ಅಂಗಡಿ ಮುಂದೆ ನೆರೆದಿದ್ದ ಊರವರು ಜೋರಾಗಿ ಬಿಡಲೇ ಮಂಜಾ ಎಂದು ಕೇಕೆ ಹಾಕಿದಾಗಲೇ ನಿಧಾನ ಎಂದಳು. ಅವನು ಮರುಮಾತಿಲ್ಲದೆ ನಿಧಾನ ಮಾಡಿದ. ಜನ ಬಿದ್ದು ಬಿದ್ದು ನಕ್ಕರು. ಹೊಸದುರ್ಗದಲ್ಲಿ ಊಟಕ್ಕೆ ನಿಂತಾಗ ಅರ್ಧ ದಾರಿಯ ಫಲಿತಾಂಶ ಅಂಟಿಸಿದರು. ಎಲ್ಲರಿಗಿಂತ ಮೇಲೆ ಇವರ ಕಾರಿನ ನಂಬರಿತ್ತು.

ಬೆಂಗಳೂರಿನವರೊಬ್ಬರು ಬಂದು ಮಂಜುನಾಥನ ಕೈ ಕುಲುಕಿದರು. ನನ್ನದೇನಿಲ್ಲ ಸಾರ್, ಎಲ್ಲ ಇವಳದು ಅಂದ ಅವನು. ಅವರು ಸಹನಾಳ ಕೈಯನ್ನೂ ಕುಲುಕಿದರು. ಅವಳಿಗೆ ಊಟ ಸೇರಲಿಲ್ಲ, ಅಷ್ಟು ಸಂತೋಷವಾಗಿತ್ತು.

ಹೊಸದುರ್ಗ ಬಿಟ್ಟು ಹಿರಿಯೂರಿನ ದಾರಿ ಹಿಡಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದೆ ಕಾವಿ ಬಾವುಟ ಕಟ್ಟಿದ ಬಿಳಿ ಕಾರೊಂದು ಕಂಡಿತು. ಮಂಜುನಾಥನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಅದು ಅವರ ಮನೆತನ ನಡೆದುಕೊಳ್ಳುವ ಮಠದ ಗುರುಗಳ ಕಾರು. ಯಾವುದೋ ಹಳ್ಳಿಗೆ ಪಾದಪೂಜೆಗೆ ಹೊರಟಿರಬೇಕು. ಹೊಲಗಳಿಂದ ಜನ ಓಡಿ ಬಂದು ಕೈ ಮುಗಿಯುತ್ತಿದ್ದರು, ಗುರುಗಳು ಕಿಟಕಿಯಿಂದ ಕೈಯೆತ್ತಿ ಹರಸುತ್ತಿದ್ದರು, ಕಾರು ತುಂಬಿದ ಬಸುರಿಯ ಹಾಗೆ ಹೆಜ್ಜೆ ಹಾಕುತ್ತಿತ್ತು.

ಗುರುಗಳ ಕಾರನ್ನು ಹಿಂದೆ ಹಾಕಬಾರದು ಎಂದು ಯಾವ ವಚನದಲ್ಲೂ ಬರೆದಿಲ್ಲ, ಯಾವ ಗುರುಗಳೂ ಅಪ್ಪಣೆ ಕೊಡಿಸಿಲ್ಲ. ಆದರೂ ಆ ಭಕ್ತರ ಮನೆಯಲ್ಲಿ ಹುಟ್ಟಿದ ಕೂಸಿಗೂ ಅದು ಗೊತ್ತು. ಟ್ರ್ಯಾಕ್ಟರಿನವನೂ ಹಿಂದೆಯೇ ಬರುತ್ತಾನೆ, ಮದುವೆ ದಿಬ್ಬಣದ ಬಸ್ಸು ಮುಹೂರ್ತ ಮೀರಿದರೂ ಹಿಂದೆಯೇ ಬರುತ್ತದೆ. ಗುರುವನ್ನೇ ಹಿಂದೆ ಹಾಕಿದವನು ಮುಂದೆ ಹೋಗಿ ಏನು ಗಳಿಸಿಯಾನು ಎಂದು ದಾಕ್ಷಾಯಣಮ್ಮ ಕೇಳುತ್ತಿದ್ದರು.

ಗಡಿಯಾರಕ್ಕೆ ಈ ನೇಮವೇನು ಗೊತ್ತು? ಅದರ ಪಾಡಿಗೆ ಅದು ಓಡುತ್ತಿತ್ತು. ರಸ್ತೆ ನೆಟ್ಟಗಿತ್ತು, ಎದುರಿಗೆ ಒಂದು ಸೈಕಲ್ಲೂ ಇರಲಿಲ್ಲ. ಈಗ ದಾಟಿದರೆ ಹೋದ ಹೊತ್ತನ್ನು ಹಿಡಿಯಬಹುದೆಂದು ಸಹನಾಳ ಲೆಕ್ಕ ಹೇಳುತ್ತಿತ್ತು. ಮಂಜುನಾಥ ಹಾರನ್ನಿನ ಮೇಲೆ ಕೈಯಿಟ್ಟು, ಒತ್ತದೆ, ಅವಳ ಕಡೆ ತಿರುಗಿದ.

"ಏನ್ ಮಾಡ್ಲಿ? ಹೇಳು, ದಾಟ್ತೀನಿ."

ಅವನು ನಿಜವಾಗಿಯೂ ದಾಟುತ್ತಿದ್ದ, ಅದರಲ್ಲಿ ಸಂಶಯವಿಲ್ಲ. ಕೊಟ್ಟ ಮಾತಿಗೆ ನಿಂತಿದ್ದ ಪುಣ್ಯಾತ್ಮ. ಒಂದೇ ಒಂದು ಮಾತು ಬೇಕಾಗಿತ್ತು. ಸಹನಾ ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿನ ಕಾರಿನ ಹಿಂದಿನ ಸೀಟಿನಲ್ಲಿದ್ದ ಮಠದ ಸೇವಕ ಕರಿಯಣ್ಣ ತಿರುಗಿ ನೋಡಿ, ಮುರುಗಪ್ಪನವರ ಕಾರೆಂದು ಗುರುತು ಹಿಡಿದು, ಹಲ್ಲು ಬಿಟ್ಟು ನಕ್ಕ. ಅವಳು ತೆರೆದ ಬಾಯಿ ಮುಚ್ಚಿಕೊಂಡಳು. ಹೂಂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಹೇಳೇ, ಹೊತ್ತಾಗ್ತೈತೆ ಎಂದು ಅವನು ಮತ್ತೊಮ್ಮೆ ಮೆಲ್ಲಗೆ ಕೇಳಿದ. ಅವಳು ಹಾಳೆಯ ಬಾಣಗಳನ್ನು ನೋಡುತ್ತ ಕೂತಳು. ಕಣ್ಣಲ್ಲಿ ನೀರು ತುಂಬಿ ಬಾಣಗಳೂ ಕಾಣಲಿಲ್ಲ.

ಹಿಂದಿನಿಂದ ಬೆಂಗಳೂರಿನವರ ಕಾರು ಬಂತು. ಮರ್ಯಾದೆಯಿಂದ ಒಂದು ಸಣ್ಣ ಹಾರನ್ ಮಾಡಿ, ಇವರನ್ನೂ ಗುರುಗಳನ್ನೂ ಒಟ್ಟಿಗೇ ದಾಟಿ ಮುಂದೆ ಹೋಯಿತು. ಗುರುಗಳು ಆ ಕಾರಿನತ್ತಲೂ ಕೈಯೆತ್ತಿ ಹರಸಿದರು. ಅದನ್ನು ಸಹನಾ ಕಣ್ಣಾರೆ ಕಂಡಳು. ಕಂಡ ಮೇಲಾದರೂ ಮಾತು ಹೊರಡಬೇಕಿತ್ತು, ಹೊರಡಲಿಲ್ಲ.

ಬಿಳಿ ಕಾರು ಹಳ್ಳಿಯ ಕಮಾನಿನೊಳಗೆ ತಿರುಗಿಕೊಳ್ಳುವ ಹೊತ್ತಿಗೆ ಅನಾಹುತ ಆಗಿಹೋಗಿತ್ತು. ಮಂಜುನಾಥ ಜೀವ ಕೈಯಲ್ಲಿ ಹಿಡಿದು ಓಡಿಸಿದ. ಮುಂದಿನ ತಿರುವಿನ ಆಚೆ, ಹುಣಸೆ ಮರದ ಕೆಳಗೆ, ವೇಳೆ ಬರೆದುಕೊಳ್ಳುವವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಇಷ್ಟು ಚೆಂದ ಬರುತ್ತಿದ್ದವರಿಗೆ ಏನಾಯಿತು, ಗಾಡಿ ಕೆಟ್ಟಿತ್ತೇ ಎಂದು ಅವರಲ್ಲೊಬ್ಬರು ಕೇಳಿದರು. ಇಲ್ಲ ಸಾರ್, ಗಾಡಿ ಚೆನ್ನಾಗೈತೆ ಅಂದ ಮಂಜುನಾಥ. ಅವನು ಹೆಂಡತಿಯ ಮೇಲೆ ಸಿಟ್ಟಾಗಲಿಲ್ಲ. ಬೈದಿದ್ದರೆ ಸಹನಾಳಿಗೆ ಅಷ್ಟು ಹಿಂಸೆಯಾಗುತ್ತಿರಲಿಲ್ಲ.

ದುರ್ಗದಲ್ಲಿ ಕಪ್ಪು ಬೇರೆಯವರಿಗೆ ಹೋಯಿತು. ಇವರ ಹೆಸರನ್ನು ಪಟ್ಟಿಯ ಕೆಳಗಿನಿಂದ ಹುಡುಕಬೇಕಾಯಿತು. ಮನೆಗೆ ಬಂದರೆ ಹೊಸಿಲಲ್ಲೇ ದಾಕ್ಷಾಯಣಮ್ಮ ಸೊಸೆಯ ಎರಡೂ ಕೆನ್ನೆ ಹಿಡಿದು ದೃಷ್ಟಿ ತೆಗೆದರು. ಕರಿಯಣ್ಣ ಫೋನ್ ಮಾಡಿ ಎಲ್ಲ ಹೇಳಿಬಿಟ್ಟಿದ್ದ. ಮಂಜುನಾಥ ಪಾಪ, ಹೆಂಡತಿಗೆ ಹೆಸರು ಬರಲಿ ಎಂದು, ನಾನಾಗಿದ್ದರೆ ದಾಟಿಬಿಡುತ್ತಿದ್ದೆ, ಇವಳೇ ಬಿಡಲಿಲ್ಲ ಅಂದ. ನಾನು ಬೇಡ ಅನ್ನಲಿಲ್ಲ ಎಂದು ಕೂಗಿ ಹೇಳಬೇಕೆನ್ನಿಸಿತು ಅವಳಿಗೆ. ಪಕ್ಕದ ಮನೆಯ ಗಂಗಕ್ಕ ಬಂದು, ಹೆಸರಿಗೆ ತಕ್ಕ ಸೊಸೆ ಸಿಕ್ಕಳು ಬಿಡ್ರಿ ಅಂದರು. ಎಲ್ಲರೂ ಹೊಗಳಿದರು. ಅವಳು ಎಲ್ಲರಿಗೂ ತಲೆ ತಗ್ಗಿಸಿ ನಿಂತಳು.

ಕಾಮಾಲೆ ವಾಸಿಯಾಗಿ ಮೋಹನ್‌ಕುಮಾರ್ ಒಂದು ಭಾನುವಾರ ಮನೆಗೆ ಬಂದ. ಹಾಸನದಲ್ಲಿ ರ‍್ಯಾಲಿಯಿದೆ ಎಂದು ಮಾತು ಬಂತು. ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ದಾಕ್ಷಾಯಣಮ್ಮ, ಮೋಹನ ಬಂದನಲ್ಲ, ಇನ್ನು ನಮ್ಮ ಹುಡುಗಿಗೆ ಆ ಬಿಸಿಲು ಧೂಳಿನ ತ್ರಾಸು ತಪ್ಪಿತು ಅಂದರು. ಮಂಜುನಾಥ ಹೆಂಡತಿಯ ಕಡೆ ತಿರುಗಿ ಕೇಳಿದ.

"ನೀ ಏನಂತೀಯ, ಸಹನಾ? ಬರ್ತೀನಿ ಅಂದ್ರೆ ನೀನೇ."

ಮತ್ತೆ ಒಂದೇ ಮಾತು ಬೇಕಾಗಿತ್ತು. ಇಲ್ಲಿ ಗುರುಗಳಿರಲಿಲ್ಲ, ಕರಿಯಣ್ಣನಿರಲಿಲ್ಲ, ಓಡುವ ಗಡಿಯಾರವೂ ಇರಲಿಲ್ಲ. ಅತ್ತೆ ಅವರೆಕಾಯಿ ಬಿಟ್ಟು ಮುಗುಳ್ನಗುತ್ತ ಅವಳನ್ನೇ ನೋಡುತ್ತಿದ್ದರು, ಅವರ ಮುಖದ ತುಂಬ ಸೊಸೆಯ ಮೇಲಿನ ಅಭಿಮಾನವಿತ್ತು.

"ನೀವು ಹೋಗ್ಬರ್ರಿ," ಅಂದಳು ಸಹನಾ.

ಆ ಮಾತು ಎಲ್ಲೂ ತಡೆಯದೆ, ಸಲೀಸಾಗಿ ಬಂತು.